ನಿಮ್ಮ ಕನ್ನಡ ವೆಬ್‌ಸೈಟ್ ಎಲ್ಲರಿಗೂ ಎಟುಕಲಿ: ಎಲ್ಲಿಂದ ಶುರು ಮಾಡಬೇಕು, ಹೇಗೆ ಮಾಡಬೇಕು

ನಮ್ಮೂರಿನ ಓದುಗರ ಬಳಗಕ್ಕೆ ಒಂದು ಸಣ್ಣ ವೆಬ್‌ಸೈಟ್ ಇದೆ. ಅದನ್ನು ನೋಡಿಕೊಳ್ಳುವುದು ನಾನೇ. ಒಂದು ಭಾನುವಾರ ನನ್ನ ಸೋದರಮಾವ ಫೋನ್ ಮಾಡಿದರು. "ಏನಮ್ಮಾ, ಈ ತಿಂಗಳ ಸಭೆ ಯಾವತ್ತು? ನಿನ್ನ ವೆಬ್‌ಸೈಟಲ್ಲಿ ಹುಡುಕಿ ಹುಡುಕಿ ಸಾಕಾಯ್ತು. 'ಚಿತ್ರ' ಅನ್ನುತ್ತೆ, ಸುಮ್ನಾಗುತ್ತೆ" ಎಂದರು. ಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಕೆಲವು ವರ್ಷಗಳಾದವು. ಪರದೆಯ ಮೇಲೆ ಇರುವುದನ್ನು ಅವರ ಫೋನೇ ಓದಿ ಹೇಳುತ್ತದೆ. ಸಭೆಯ ದಿನ, ಜಾಗ, ಪುಸ್ತಕದ ಹೆಸರು ಎಲ್ಲವನ್ನೂ ನಾನು ಒಂದು ಚೆಂದದ ಪೋಸ್ಟರ್ ಮಾಡಿ ಹಾಕಿದ್ದೆ. ಆ ಪೋಸ್ಟರ್‌ನಲ್ಲಿ ಅವರ ಫೋನಿಗೆ ಓದಲು ಒಂದಕ್ಷರವೂ ಇರಲಿಲ್ಲ.

ಬಳಗದಲ್ಲಿ ಎಲ್ಲರಿಗಿಂತ ಜಾಸ್ತಿ ಓದಿಕೊಂಡವರು ಅವರು. ಅವರಿಗೇ ಬಾಗಿಲು ಮುಚ್ಚಿದ್ದೆ ಅನ್ನುವುದು ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಕೂತು ಒಂದೊಂದೇ ಕಲಿತೆ, ಒಂದೊಂದೇ ಸರಿ ಮಾಡಿದೆ. ಆ ಕೆಲಸವನ್ನು ನಾನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಶಾಲೆ, ಸಹಕಾರ ಸಂಘ, ದೇವಸ್ಥಾನ, ಅಂಗಡಿ, ಪತ್ರಿಕೆ ಯಾವುದೇ ಇರಲಿ, ಕನ್ನಡದ ವೆಬ್‌ಸೈಟ್ ನಡೆಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಇದರಲ್ಲಿ ಮುಕ್ಕಾಲು ಭಾಗಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ವಯಸ್ಸಾಗಿ ಕಣ್ಣು ಮಂಜಾದವರು, ಕೈ ನಡುಗುವವರು, ಬಿಸಿಲಲ್ಲಿ ನಿಂತು ಫೋನ್ ನೋಡುವವರು, ಕೈ ಮುರಿದುಕೊಂಡು ಆರು ವಾರ ಕೂತವರು ಆ ಲೆಕ್ಕದಲ್ಲಿ ಸೇರಿಲ್ಲ.

ಮೊದಲು ನಿಮ್ಮ ವೆಬ್‌ಸೈಟನ್ನು ಕಿವಿಯಿಂದ ಕೇಳಿ

ಏನನ್ನೂ ಬದಲಾಯಿಸುವ ಮೊದಲು ಈ ಕೆಲಸ ಮಾಡಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಸಿಗುತ್ತದೆ. ಫೋನ್ ಕನ್ನಡದಲ್ಲಿದ್ದರೆ ಅದಕ್ಕೆ 'ಪ್ರವೇಶಿಸುವಿಕೆ' ಎಂಬ ಹೆಸರಿರಬಹುದು. ಐಫೋನಿನಲ್ಲಿ ಇದೇ ಕೆಲಸವನ್ನು ವಾಯ್ಸ್‌ಓವರ್ ಮಾಡುತ್ತದೆ. ಆನ್ ಮಾಡುವ ಮೊದಲು ಆಫ್ ಮಾಡುವುದು ಹೇಗೆಂದು ತಿಳಿದುಕೊಳ್ಳಿ. ಟಾಕ್‌ಬ್ಯಾಕ್ ಆನ್ ಆದಮೇಲೆ ಫೋನು ಮೊದಲಿನಂತೆ ನಡೆದುಕೊಳ್ಳುವುದಿಲ್ಲ. ಒಂದು ಸಲ ಮುಟ್ಟಿದರೆ ಅಲ್ಲಿರುವುದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಬೆರಳಾಡಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಆನ್-ಆಫ್ ಆಗುವ ಶಾರ್ಟ್‌ಕಟ್ ಅಲ್ಲೇ ಇದೆ. ಅದನ್ನು ಮೊದಲು ಸಿದ್ಧ ಮಾಡಿಟ್ಟುಕೊಳ್ಳಿ. ಕನ್ನಡ ಧ್ವನಿ ಬರದಿದ್ದರೆ ಫೋನಿನ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಧ್ವನಿಯನ್ನು ಇಳಿಸಿಕೊಳ್ಳಿ.

ಕಂಪ್ಯೂಟರಿನಲ್ಲಿ ವಿಂಡೋಸ್ ಇದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಳ್ಳಿ. ಪೂರ್ತಿ ಉಚಿತ. ಮೈಕಲ್ ಕರನ್ ಎಂಬ ಆಸ್ಟ್ರೇಲಿಯಾದ ಯುವಕ 2006ರಲ್ಲಿ ಇದನ್ನು ಶುರು ಮಾಡಿದರು. ಅವರಿಗೂ ಕಣ್ಣು ಕಾಣುವುದಿಲ್ಲ. ದುಬಾರಿ ಸ್ಕ್ರೀನ್ ರೀಡರ್ ಕೊಳ್ಳಲಾಗದವರಿಗೆ ಆ ಒಂದು ಕೆಲಸದಿಂದ ಎಷ್ಟು ಉಪಕಾರವಾಗಿದೆ ಎಂದು ಹೇಳಿ ಮುಗಿಯದು. ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಎಂಬುದಿದೆ. ಯಂತ್ರ ಮಾತಾಡಿದ್ದೆಲ್ಲ ಅಲ್ಲಿ ಅಕ್ಷರದಲ್ಲೂ ಬರುತ್ತದೆ. ಕಲಿಯುವವರಿಗೆ ಅದು ಒಳ್ಳೆಯ ಆಸರೆ.

ಈಗ ಪರದೆಯ ಮೇಲೆ ಒಂದು ಬಟ್ಟೆ ಹಾಕಿ. ನಿಮ್ಮ ವೆಬ್‌ಸೈಟಿಗೆ ಜನ ಬರುವುದು ಯಾವ ಕೆಲಸಕ್ಕೋ ಆ ಒಂದು ಕೆಲಸವನ್ನು ಮಾಡಲು ನೋಡಿ. ನನ್ನ ಮಟ್ಟಿಗೆ ಅದು 'ಮುಂದಿನ ಸಭೆ ಯಾವತ್ತು' ಎಂದು ತಿಳಿಯುವುದು. ನಿಮಗೆ ಅರ್ಜಿ ಹಾಕುವುದೋ, ಸಾಮಾನು ಕೊಳ್ಳುವುದೋ, ಫಲಿತಾಂಶ ನೋಡುವುದೋ ಇರಬಹುದು. ಎಲ್ಲೆಲ್ಲಿ ಸಿಕ್ಕಿಬಿದ್ದಿರಿ, ಬರೆದಿಟ್ಟುಕೊಳ್ಳಿ. ಆ ಪಟ್ಟಿಯಿಂದಲೇ ಕೆಲಸ ಶುರು.

ಮೌಸ್ ಪಕ್ಕಕ್ಕಿಡಿ

ಎರಡನೆಯ ಪರೀಕ್ಷೆಗೆ ಐದು ನಿಮಿಷ ಸಾಕು. ಕೈ ಸ್ಥಿರವಾಗಿ ನಿಲ್ಲದವರು ಮೌಸ್ ಹಿಡಿಯಲಾರರು. ಅವರೂ, ಕಣ್ಣು ಕಾಣದವರೂ ಕಂಪ್ಯೂಟರ್ ನಡೆಸುವುದು ಕೀಬೋರ್ಡಿನಿಂದ. ಟ್ಯಾಬ್ ಒತ್ತುತ್ತಾ ಮುಂದೆ ಹೋಗಿ, ಶಿಫ್ಟ್ ಜತೆ ಟ್ಯಾಬ್ ಒತ್ತಿ ಹಿಂದೆ ಬನ್ನಿ, ಎಂಟರ್ ಒತ್ತಿ ತೆರೆಯಿರಿ.

ಮೂರು ಸಂಗತಿ ಗಮನಿಸಿ. ನೀವು ಈಗ ಎಲ್ಲಿದ್ದೀರಿ ಎಂದು ಕಣ್ಣಿಗೆ ಕಾಣುತ್ತಿದೆಯಾ? ಟ್ಯಾಬ್ ಒತ್ತಿದಾಗ ನೀವಿರುವ ಜಾಗದ ಸುತ್ತ ಒಂದು ಗೆರೆ ಬರಬೇಕು. ಬಹಳಷ್ಟು ವೆಬ್‌ಸೈಟ್‌ಗಳಲ್ಲಿ ಆ ಸುತ್ತುಗೆರೆ ಚೆಂದ ಕಾಣುವುದಿಲ್ಲ ಎಂದು ತೆಗೆದುಬಿಟ್ಟಿರುತ್ತಾರೆ. ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ಅಂದ-ಆಕಾರ ತೀರ್ಮಾನಿಸುವ ಕೋಡ್‌ನಲ್ಲಿ, 'ಔಟ್‌ಲೈನ್ ನನ್' ಎಂದು ಬರೆದಿದ್ದರೆ ಅದನ್ನು ಅಳಿಸಿ, ದಪ್ಪನೆಯ ಗೆರೆ ಕೊಡಿ. ಮೇಲಿನ ಮೆನು ತೆರೆಯುತ್ತದೆಯಾ? ಮೌಸ್ ಮೇಲೆ ತಂದಾಗ ಮಾತ್ರ ಬಿಚ್ಚಿಕೊಳ್ಳುವ ಮೆನು ಕೀಬೋರ್ಡಿನವರಿಗೆ ಇಲ್ಲದ ಲೆಕ್ಕವೇ. ಇನ್ನು ಪಾಪ್‌ಅಪ್. ತೆರೆದುಕೊಂಡ ಪೆಟ್ಟಿಗೆ ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಮುಚ್ಚದೆ ಒಳಗೇ ಸುತ್ತಿಸುತ್ತಿದ್ದರೆ, ಅಲ್ಲಿಗೆ ಬಂದವರು ಪುಟವನ್ನೇ ಬಿಟ್ಟು ಹೋಗಬೇಕಾಗುತ್ತದೆ.

ಪುಟದ ಶುರುವಿನಲ್ಲೇ 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಒಂದು ಲಿಂಕ್ ಕೊಡಿ. ಇಲ್ಲದಿದ್ದರೆ ಪ್ರತಿ ಪುಟದಲ್ಲೂ ಇಪ್ಪತ್ತು-ಮೂವತ್ತು ಮೆನು ಸಾಲು ದಾಟಿಯೇ ಬರಬೇಕು. ಬಟನ್ ಬೇಕಾದಲ್ಲಿ ಎಚ್‌ಟಿಎಂಎಲ್‌ನ (ಪುಟವನ್ನು ಕಟ್ಟುವ ಕೋಡ್) ನಿಜವಾದ ಬಟನ್ ಬಳಸಿ. ಸುಮ್ನೆ ಒಂದು ಡಿವ್‌ಗೆ, ಅಂದರೆ ಕೋಡ್‌ನ ಬರೀ ಪೆಟ್ಟಿಗೆಗೆ, ಬಣ್ಣ ಬಳಿದು ಬಟನ್ ಥರ ಕಾಣಿಸಿದರೆ ಕೀಬೋರ್ಡಿಗೂ ಸಿಗುವುದಿಲ್ಲ, ಸ್ಕ್ರೀನ್ ರೀಡರಿಗೂ ಅದು ಬಟನ್ ಎಂದು ಗೊತ್ತಾಗುವುದಿಲ್ಲ.

ಅಕ್ಷರ ನಿಜವಾಗಿ ಅಕ್ಷರವೇ?

ಕನ್ನಡ ವೆಬ್‌ಸೈಟ್‌ಗಳ ಅತಿ ದೊಡ್ಡ ತೊಂದರೆ ಇಲ್ಲಿದೆ. ಬೇರೆ ಏನನ್ನೂ ಮಾಡಲು ಸಮಯವಿಲ್ಲದಿದ್ದರೂ ಈ ಭಾಗವನ್ನು ದಯವಿಟ್ಟು ಮಾಡಿ.

ಮೊದಲ ತೊಂದರೆ ಹಳೆಯ ಫಾಂಟ್‌ಗಳದು. ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ, ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಆಗಿರಲಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂದು ಕಾಣುವ ಕಡೆ ಒಳಗೆ ಇರುವುದು ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೊಂದು ಗೆರೆ ಹೊತ್ತ 'ಎ'. 'ನ' ಇದ್ದ ಕಡೆ ಬ್ರಿಟಿಷ್ ಪೌಂಡಿನ ಚಿಹ್ನೆ ಇರುತ್ತದೆ. ಫಾಂಟ್ ಅದನ್ನು ಕನ್ನಡದಂತೆ ಬಿಡಿಸಿ ತೋರಿಸುತ್ತದೆ, ನಮ್ಮ ಕಣ್ಣು ನಂಬುತ್ತದೆ. ಸ್ಕ್ರೀನ್ ರೀಡರ್ ಮಾತ್ರ ಒಳಗೆ ಇರುವುದನ್ನೇ ಓದುತ್ತದೆ. 'ಕನ್ನಡ' ಎಂಬ ಪದ ಬಂದಾಗ ಅದು ಪಿ, ಎ, ಪೌಂಡ್ ಎಂದು ಏನೇನೋ ಹೇಳುತ್ತಾ ಹೋಗುತ್ತದೆ. ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಇವತ್ತಿಗೂ ಡಿಟಿಪಿ ಕೆಲಸ ಇಂಥ ಫಾಂಟ್‌ಗಳಲ್ಲಿ ನಡೆಯುತ್ತದೆ. ಅಲ್ಲಿಂದ ಪಿಡಿಎಫ್ ಆಗಿ ನೇರ ವೆಬ್‌ಸೈಟಿಗೆ ಬಂದು ಕೂರುತ್ತದೆ.

ಪರೀಕ್ಷೆ ಸುಲಭ. ಪುಟದ ಅಥವಾ ಪಿಡಿಎಫ್‌ನ ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡವಾಗಿಯೇ ಬಂದರೆ ಒಳ್ಳೆಯದು. ಕಲಸುಮೇಲೋಗರ ಬಂದರೆ ಅದು ಹಳೆಯ ಫಾಂಟು. ನುಡಿಯಲ್ಲೂ ಬರಹದಲ್ಲೂ ಯೂನಿಕೋಡಿಗೆ ಬದಲಾಯಿಸುವ ಸೌಲಭ್ಯವಿದೆ. ಬದಲಾಯಿಸಿದ ಮೇಲೆ ಕಡ್ಡಾಯವಾಗಿ ಒಮ್ಮೆ ಓದಿ ನೋಡಿ. ಒತ್ತಕ್ಷರಗಳು ಮತ್ತು ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತವೆ.

ಹೀಗೆ ಬದಲಾಯಿಸಿದ ಬರಹದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತಪ್ಪು ಇರುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಬಂದು ಕೂತಿರುತ್ತದೆ. 'ಬೆಂಗಳೂರು' ಎಂಬುದರ ನಡುವಿನ ಸೊನ್ನೆ ನೋಡಲು ಒಂದೇ ಥರ ಕಾಣುತ್ತದೆ. ಕಂಪ್ಯೂಟರಿಗೆ ಒಂದು ಅಕ್ಷರದ ಭಾಗ, ಇನ್ನೊಂದು ಲೆಕ್ಕದ ಅಂಕಿ. ಸ್ಕ್ರೀನ್ ರೀಡರ್ ಪದದ ಮಧ್ಯೆ ಮುರಿದು 'ಸೊನ್ನೆ' ಎಂದು ಓದುತ್ತದೆ. ಹುಡುಕಾಟದಲ್ಲೂ ಆ ಪದ ಸಿಗುವುದಿಲ್ಲ. ಕಣ್ಣು ಕಾಣದವರಿಗಷ್ಟೇ ಅಲ್ಲ, ಗೂಗಲ್‌ನಲ್ಲಿ ನಿಮ್ಮನ್ನು ಹುಡುಕುವ ಎಲ್ಲರಿಗೂ ಇದು ನಷ್ಟ. ಅಂಕಿ ಸೊನ್ನೆಯನ್ನು ಫೈಂಡ್ ಪೆಟ್ಟಿಗೆಗೆ ಹಾಕಿ ಪೂರ್ತಿ ಬರಹದಲ್ಲಿ ಹುಡುಕಿ, ಪದಗಳ ನಡುವೆ ಸಿಕ್ಕಿದ್ದನ್ನೆಲ್ಲ ಅನುಸ್ವಾರ ಮಾಡಿ.

ಎರಡನೆಯದು, ಚಿತ್ರವಾಗಿ ಹೋದ ಅಕ್ಷರ. ನನ್ನ ಪೋಸ್ಟರ್ ಮಾಡಿದ್ದು ಇದನ್ನೇ. ವಾಟ್ಸಾಪ್‌ಗೆ ಮಾಡಿದ ಆಹ್ವಾನ ಪತ್ರಿಕೆಯನ್ನೇ ವೆಬ್‌ಸೈಟಿಗೂ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಪೋಸ್ಟರ್ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಅದರ ಕೆಳಗೆ ಅದೇ ವಿವರವನ್ನು ಟೈಪ್ ಮಾಡಿ: ಏನು, ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ, ಯಾರನ್ನು ಕೇಳಬೇಕು. ಎರಡು ನಿಮಿಷದ ಕೆಲಸ.

ಮೂರನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಸಹಿ, ಮೊಹರು ಬಿದ್ದ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದರೆ ಅದು ಕಾಗದದ ಫೋಟೋ ಅಷ್ಟೇ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಬಿಡಿಸಿ ಕೊಡುತ್ತದೆ, ಕನ್ನಡವೂ ಬರುತ್ತದೆ. ತಪ್ಪು ತಿದ್ದಿ, ಅದನ್ನು ಒಂದು ಸಾದಾ ವೆಬ್ ಪುಟವಾಗಿ ಹಾಕಿ. ಸ್ಕ್ಯಾನ್ ಪ್ರತಿ ಪಕ್ಕದಲ್ಲಿ ದಾಖಲೆಗೆ ಇರಲಿ. ವರ್ಡ್‌ನಲ್ಲೇ ಪಿಡಿಎಫ್ ಮಾಡುವಾಗ 'ಪ್ರಿಂಟ್' ಮೂಲಕ ಮಾಡಬೇಡಿ. 'ಸೇವ್ ಆಸ್' ಮೂಲಕ ಮಾಡಿ. ಪ್ರಿಂಟ್ ಮೂಲಕ ಹೋದರೆ ಶೀರ್ಷಿಕೆ ಯಾವುದು, ಪಟ್ಟಿ ಯಾವುದು ಎಂಬ ಒಳಗಿನ ಗುರುತುಗಳೆಲ್ಲ ಕಳೆದುಹೋಗುತ್ತವೆ. ಪಿಡಿಎಫ್ ಇಲ್ಲದೆ ಕೆಲಸ ಆಗುವುದಾದರೆ ಅದನ್ನು ಬಿಡುವುದೇ ವಾಸಿ ಎಂಬುದು ನನ್ನ ಅನುಭವ. ಫೋನಿನಲ್ಲಿ ಅದನ್ನು ಎಳೆದೂ ಎಳೆದೂ ಓದುವುದು ಕಣ್ಣಿರುವವರಿಗೂ ಹಿಂಸೆ, ಅಲ್ವಾ?

ಇದು ಕನ್ನಡ ಎಂದು ಹೇಳಿ

ಇದು ಒಂದೇ ಸಾಲಿನ ಕೆಲಸ. ಪುಟದ ಎಚ್‌ಟಿಎಂಎಲ್ ಶುರುವಾಗುವ ಟ್ಯಾಗ್‌ನಲ್ಲಿ 'ಲ್ಯಾಂಗ್' ಎಂಬುದರ ಬೆಲೆ 'ಕೆಎನ್' ಇರಬೇಕು. ಕನ್ನಡದ ಸಂಕೇತ ಅದು. ಎಷ್ಟೋ ಕನ್ನಡ ಪುಟಗಳಲ್ಲಿ ಅಲ್ಲಿ ಇಂಗ್ಲಿಷಿನ 'ಇಎನ್' ಇರುತ್ತದೆ. ಥೀಮ್ (ವೆಬ್‌ಸೈಟಿನ ಸಿದ್ಧ ವಿನ್ಯಾಸ) ಬರುವಾಗಲೇ ಹಾಗೆ ಬಂದಿರುತ್ತದೆ, ಯಾರೂ ಬದಲಾಯಿಸಿರುವುದಿಲ್ಲ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿ ತೆಗೆದುಕೊಳ್ಳುತ್ತದೆ. ಇಂಗ್ಲಿಷ್ ಧ್ವನಿಗೆ ಕನ್ನಡ ಅಕ್ಷರ ಗೊತ್ತಿಲ್ಲದಿದ್ದರೆ ಪುಟವೇ ಮೌನವಾಗುತ್ತದೆ. ವೆಬ್‌ಸೈಟ್ ಕಟ್ಟಿರುವುದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಾದರೆ ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಸೈಟ್ ಲ್ಯಾಂಗ್ವೇಜ್ ಎಂಬಲ್ಲಿ ಕನ್ನಡ ಆರಿಸಿ, ಸಾಕು. ನಡುವೆ ಒಂದಿಡೀ ಪ್ಯಾರಾ ಇಂಗ್ಲಿಷಿನಲ್ಲಿದ್ದರೆ ಆ ಪ್ಯಾರಾಕ್ಕೆ ಮಾತ್ರ 'ಇಎನ್' ಕೊಡಿ.

ಶೀರ್ಷಿಕೆ ಮತ್ತು ಲಿಂಕ್

ನಾವು ಪುಟ ತೆರೆದ ಕೂಡಲೇ ಕಣ್ಣಾಡಿಸುತ್ತೇವೆ. ದೊಡ್ಡ ಅಕ್ಷರ ನೋಡಿ, ಬೇಕಾದಲ್ಲಿ ನಿಲ್ಲುತ್ತೇವೆ. ಮಾವನೂ ಹಾಗೇ ಮಾಡುತ್ತಾರೆ, ಕಿವಿಯಿಂದ. ಎನ್‌ವಿಡಿಎಯಲ್ಲಿ 'ಎಚ್' ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ ಹಾರುತ್ತದೆ. 'ಕೆ' ಒತ್ತಿದರೆ ಲಿಂಕಿನಿಂದ ಲಿಂಕಿಗೆ. ಆದರೆ ಅದು ಶೀರ್ಷಿಕೆ ಎಂದು ಯಂತ್ರಕ್ಕೆ ಗೊತ್ತಿರಬೇಕು. ಅಕ್ಷರವನ್ನು ದಪ್ಪ ಮಾಡಿ, ದೊಡ್ಡದು ಮಾಡಿದರೆ ಅದು ಶೀರ್ಷಿಕೆ ಆಗುವುದಿಲ್ಲ. ಬರೆಯುವ ಪೆಟ್ಟಿಗೆಯಲ್ಲಿ 'ಹೆಡಿಂಗ್' ಎಂಬುದನ್ನೇ ಆರಿಸಬೇಕು. ಪುಟದ ಹೆಸರಿಗೆ ಹೆಡಿಂಗ್ 1, ಭಾಗಗಳಿಗೆ 2, ಅದರ ಒಳಭಾಗಕ್ಕೆ 3. ಗಾತ್ರ ಇಷ್ಟವಾಯಿತು ಎಂದು 1ರಿಂದ ನೇರ 4ಕ್ಕೆ ಹಾರಬೇಡಿ.

ಲಿಂಕ್‌ಗಳ ಪಟ್ಟಿ ಮಾತ್ರ ಕೇಳುತ್ತಿರುವವರಿಗೆ 'ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇನ್ನಷ್ಟು ಓದಿ, ಇಲ್ಲಿ ಕ್ಲಿಕ್ ಮಾಡಿ' ಎಂದು ಬಂದರೆ ಏನು ತಿಳಿದೀತು? 'ಸದಸ್ಯತ್ವದ ಅರ್ಜಿ, ಪಿಡಿಎಫ್, 2 ಪುಟ' ಎಂದು ಬರೆಯಿರಿ. ಒತ್ತುವ ಮೊದಲೇ ಏನು ಸಿಗುತ್ತದೆ ಎಂದು ಗೊತ್ತಾಗಬೇಕು.

ಚಿತ್ರಕ್ಕೆ ಮಾತು

ಪ್ರತಿ ಚಿತ್ರಕ್ಕೂ 'ಆಲ್ಟ್ ಟೆಕ್ಸ್ಟ್' ಎಂಬ ಒಂದು ಜಾಗ ಇರುತ್ತದೆ. ಸ್ಕ್ರೀನ್ ರೀಡರ್ ಓದುವುದು ಅಲ್ಲಿ ಬರೆದದ್ದನ್ನು. ಪುಟದ ಕೋಡ್‌ನಲ್ಲಿ ಆ ಜಾಗವನ್ನೇ ಬಿಟ್ಟುಬಿಟ್ಟಿದ್ದರೆ ಕೆಲವು ಸಲ ಫೈಲಿನ ಹೆಸರನ್ನೇ ಓದಿಬಿಡುತ್ತದೆ: 'ಐಎಂಜಿ 20240317' ಅಂತ.

ಏನು ಬರೆಯಬೇಕು? ಚಿತ್ರವನ್ನು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದೀರಿ ಎಂದುಕೊಳ್ಳಿ. ನಮ್ಮ ಬಳಗದ ಒಂದು ಫೋಟೋಗೆ ಮೊದಲು 'ಕಾರ್ಯಕ್ರಮದ ಚಿತ್ರ' ಎಂದು ಬರೆದಿದ್ದೆ. ಈಗ ಹೀಗಿದೆ: 'ಗ್ರಂಥಾಲಯದ ಜಗಲಿಯಲ್ಲಿ ಚಾಪೆ ಹಾಸಿ ಕೂತ ಹದಿನೈದು ಜನ. ನಡುವೆ ಒಬ್ಬ ಹುಡುಗಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಾಳೆ.' ಮಾವ ಅದನ್ನು ಕೇಳಿ "ಯಾರ ಮಗಳಮ್ಮಾ ಅದು?" ಎಂದು ಕೇಳಿದರು. ಚಿತ್ರ ಅವರಿಗೆ ತಲುಪಿತ್ತು.

'ಇದು ಚಿತ್ರ' ಎಂದು ಶುರು ಮಾಡಬೇಕಿಲ್ಲ. ಅದನ್ನು ಯಂತ್ರವೇ ಹೇಳುತ್ತದೆ. ಅಂಚಿನ ಬಳ್ಳಿ, ಹೂವಿನ ಅಲಂಕಾರದಂಥವಕ್ಕೆ ಆಲ್ಟ್ ಜಾಗವನ್ನು ಖಾಲಿ ಬಿಡಿ. ಖಾಲಿ ಬಿಟ್ಟರೆ ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ. ಚಿತ್ರವೇ ಲಿಂಕ್ ಆಗಿದ್ದರೆ, ಅದು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಬರೆಯಿರಿ. ನಕ್ಷೆ, ಗ್ರಾಫ್ ಇದ್ದರೆ ಅದರಲ್ಲಿರುವ ಮುಖ್ಯ ಅಂಕಿಗಳನ್ನು ಪುಟದಲ್ಲೇ ಬರೆಯುವುದು ಒಳ್ಳೆಯದು.

ಬಣ್ಣ, ಗಾತ್ರ, ಸಾಲಿನ ಅಂತರ

ಅಕ್ಷರದ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಎಷ್ಟು ವ್ಯತ್ಯಾಸ ಇರಬೇಕು ಎಂಬುದಕ್ಕೆ ಅಳತೆ ಇದೆ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು ತ್ರೀ ಸಿ ಸಂಸ್ಥೆ ಡಬ್ಲ್ಯುಸಿಎಜಿ ಎಂಬ ನಿಯಮಗಳನ್ನು ಹೊರತಂದಿದೆ. 1999ರಲ್ಲಿ ಮೊದಲು ಬಂತು, 2023ರ ಅಕ್ಟೋಬರಿನಲ್ಲಿ 2.2 ಆವೃತ್ತಿ ಬಂತು. ಅದರಲ್ಲಿ ಎ, ಎಎ, ಎಎಎ ಎಂದು ಮೂರು ಮಟ್ಟ. ನಾವು ಗುರಿ ಇಟ್ಟುಕೊಳ್ಳಬೇಕಾದದ್ದು ಎಎ. ಅದರ ಪ್ರಕಾರ ಸಣ್ಣ ಅಕ್ಷರಕ್ಕೆ ಈ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಲೆಕ್ಕ ಹಾಕಿ ಕೊಡುವ ಉಚಿತ ಪುಟಗಳು ಬೇಕಾದಷ್ಟಿವೆ.

ಅಳತೆ ಎಷ್ಟು ನಾಜೂಕು ನೋಡಿ. ಕಂಪ್ಯೂಟರಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಂಕೇತ ಇರುತ್ತದೆ. ಬಿಳಿಯ ಮೇಲೆ 767676 ಸಂಕೇತದ ಬೂದು 4.54 ಬಂದು ಪಾಸಾಗುತ್ತದೆ. 777777 ಬೂದು 4.48 ಬಂದು ಫೇಲಾಗುತ್ತದೆ. ನಮ್ಮವರಿಗೆ ಪ್ರೀತಿಯ ಅರಿಶಿನ-ಕುಂಕುಮದ ಜೋಡಿಯನ್ನೂ ನಾನು ಅಳೆದು ನೋಡಿದೆ. ನವೆಂಬರ್ ಬಂದರೆ ಎಲ್ಲ ಕಡೆ ಅದೇ ಬಣ್ಣ ಅಲ್ವಾ? ಅಚ್ಚ ಕೆಂಪಿನ ಮೇಲೆ ಅಚ್ಚ ಹಳದಿ ಬರೆದರೆ 3.7 ಬರುತ್ತದೆ. ದೊಡ್ಡ ತಲೆಬರಹಕ್ಕೆ ಸಾಕು, ಸಣ್ಣ ಸಾಲುಗಳಿಗೆ ಸಾಲದು. ಕೆಂಪಿನ ಬೆಲೆಯನ್ನು 255ರಿಂದ 180ಕ್ಕೆ ಇಳಿಸಿ ಗಾಢ ಮಾಡಿದರೆ 6.5 ದಾಟುತ್ತದೆ. ಬಾವುಟದ ಬಣ್ಣ ಬಿಡದೆಯೇ ಓದುವಂತೆ ಮಾಡಬಹುದು.

ಬಣ್ಣದಿಂದ ಮಾತ್ರ ಏನನ್ನೂ ಹೇಳಬೇಡಿ. 'ಕೆಂಪಿನಲ್ಲಿರುವ ಜಾಗಗಳನ್ನು ತುಂಬಿ' ಎಂದರೆ ಕೆಂಪು-ಹಸಿರು ಗುರುತಿಸಲಾಗದವರಿಗೆ ಗೊತ್ತಾಗದು. 'ಕಡ್ಡಾಯ' ಎಂದು ಪಕ್ಕದಲ್ಲಿ ಬರೆಯಿರಿ.

ಕನ್ನಡಕ್ಕೇ ಬರುವ ಒಂದು ತೊಂದರೆ ಸಾಲಿನ ಅಂತರ. ನಮ್ಮ ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ. 'ರಾಷ್ಟ್ರ', 'ಸ್ತ್ರೀ' ಎಂಬಲ್ಲಿ ಎರಡು ಒತ್ತು. ಇಂಗ್ಲಿಷಿಗೆಂದು ಮಾಡಿದ ಥೀಮ್‌ನಲ್ಲಿ ಆ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಬಟನ್ನಿನ ಎತ್ತರ ಗಟ್ಟಿಯಾಗಿ ಕಟ್ಟಿಹಾಕಿದ್ದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ 1.7ರಷ್ಟು ಇಡಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ. ಕನ್ನಡದ ಪದಗಳು ಉದ್ದ. ಫೋನಿನ ಕಿರಿದಾದ ಪರದೆಯಲ್ಲಿ ಪದಗಳ ನಡುವೆ ಹೊಂಡ ಬೀಳುತ್ತವೆ. ಓದಲು ಕಷ್ಟಪಡುವವರ ಕಣ್ಣು ಅಲ್ಲಿ ಜಾರುತ್ತದೆ.

ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದನ್ನು ತಡೆಯಬೇಡಿ. ಕೋಡ್‌ನಲ್ಲಿ 'ಯೂಸರ್ ಸ್ಕೇಲಬಲ್ ನೋ' ಎಂದಿದ್ದರೆ ತೆಗೆಸಿ. ಬ್ರೌಸರಿನಲ್ಲಿ ಶೇ. 200ಕ್ಕೆ ಹಿಗ್ಗಿಸಿದಾಗಲೂ ಎಲ್ಲ ಓದಲು ಬರಬೇಕು. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, 24 ಎತ್ತರ ಇರಲಿ ಎನ್ನುತ್ತದೆ 2.2ರ ನಿಯಮ. ನಡುಗುವ ಬೆರಳಿಗೆ 44 ಕೊಟ್ಟರೆ ಇನ್ನೂ ಒಳ್ಳೆಯದು.

ಹಾಗೆಯೇ, ಮೇಲ್ಗಡೆ ಓಡುವ ಸುದ್ದಿ ಸಾಲು. 5 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾನಾಗಿ ಓಡುವುದಕ್ಕೆ ನಿಲ್ಲಿಸುವ ಬಟನ್ ಇರಬೇಕು. ನಿಧಾನ ಓದುವವರಿಗೆ ಅದು ಕೈಗೆ ಸಿಗುವ ಮೊದಲೇ ಹೋಗಿರುತ್ತದೆ. ತೆಗೆದು, ಮೂರು ಸಾಲಿನ ಪಟ್ಟಿ ಹಾಕಿ.

ಫಾರಂ, ಓಟಿಪಿ, ಕ್ಯಾಪ್ಚಾ

ಜನ ಅತಿ ಹೆಚ್ಚು ಸೋಲುವುದು ಇಲ್ಲಿ. ಸೋತರೆ ಆಗುವ ನಷ್ಟವೂ ಇಲ್ಲೇ ದೊಡ್ಡದು: ಪಿಂಚಣಿ, ಸೀಟು, ಬ್ಯಾಂಕ್ ಖಾತೆ.

ಪ್ರತಿ ಪೆಟ್ಟಿಗೆಯ ಹೊರಗೆ ಅದರ ಹೆಸರು ಇರಬೇಕು, ಕೋಡ್‌ನಲ್ಲಿ 'ಲೇಬಲ್' ಆಗಿ ಪೆಟ್ಟಿಗೆಗೆ ಗಂಟು ಹಾಕಿರಬೇಕು. ಪೆಟ್ಟಿಗೆಯ ಒಳಗೆ ಮಸುಕಾಗಿ 'ಹೆಸರು' ಎಂದು ಬರೆದರೆ ಟೈಪ್ ಮಾಡಿದ ಕೂಡಲೇ ಮಾಯವಾಗುತ್ತದೆ. ಮರೆವು ಇರುವವರು ಏನು ತುಂಬುತ್ತಿದ್ದೆ ಎಂದು ಅಳಿಸಿ ನೋಡಬೇಕಾಗುತ್ತದೆ. ತಪ್ಪಾದಾಗ 'ದೋಷ' ಎಂದರೆ ಸಾಲದು. 'ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು, ನೀವು 9 ಹಾಕಿದ್ದೀರಿ' ಎಂದು ಹೇಳಿ. ಕನ್ನಡ ಫಾರಂನಲ್ಲಿ ತಪ್ಪಿನ ಸಂದೇಶ ಮಾತ್ರ ಇಂಗ್ಲಿಷಿನಲ್ಲಿ ಬರುವುದನ್ನು ಬಹಳ ಕಡೆ ಕಂಡಿದ್ದೇನೆ. ಪರೀಕ್ಷಿಸುವಾಗ ಬೇಕೆಂದೇ ತಪ್ಪು ತುಂಬಿ ನೋಡಿ, ಆಗ ಸಿಕ್ಕಿಬೀಳುತ್ತದೆ.

ತುಂಬುತ್ತಿರುವುದು ಮನುಷ್ಯರೇ ಎಂದು ಪರೀಕ್ಷಿಸುವ ಸೊಟ್ಟ ಅಕ್ಷರದ ಕ್ಯಾಪ್ಚಾ ಬೇಡವೇ ಬೇಡ. ಕಣ್ಣು ಕಾಣದವರಿಗೆ ಅದು ಗೋಡೆ. ಸಣ್ಣ ವೆಬ್‌ಸೈಟಿಗೆ, ಮನುಷ್ಯರ ಕಣ್ಣಿಗೆ ಕಾಣದಂತೆ ಒಂದು ಖಾಲಿ ಪೆಟ್ಟಿಗೆ ಬಚ್ಚಿಟ್ಟು, ಅದನ್ನು ತುಂಬಿದವರನ್ನು ಯಂತ್ರವೆಂದು ತಡೆಯುವ ಉಪಾಯ ಎಷ್ಟೋ ಸಲ ಸಾಕಾಗುತ್ತದೆ. ಸ್ಕ್ರೀನ್ ರೀಡರಿಗೂ ಕೀಬೋರ್ಡಿಗೂ ಆ ಪೆಟ್ಟಿಗೆ ಸಿಗದಂತೆ ಮಾಡುವುದನ್ನು ಮರೆಯಬೇಡಿ. ಓಟಿಪಿ ಇದ್ದರೆ ಅಂಟಿಸಲು ಬಿಡಿ, ಸಮಯ ಜಾಸ್ತಿ ಕೊಡಿ, ಮತ್ತೆ ಕಳಿಸಿದಾಗ ತುಂಬಿದ್ದೆಲ್ಲ ಅಳಿಯದಿರಲಿ. ಸ್ಕ್ರೀನ್ ರೀಡರ್ ಬಳಸುವವರು ಸಂದೇಶಕ್ಕೆ ಹೋಗಿ, ಕೇಳಿ, ವಾಪಸ್ ಬರಲು ಹೊತ್ತು ಹಿಡಿಯುತ್ತದೆ.

ಇದು ನಮ್ಮ ದೇಶದಲ್ಲಿ ಹಕ್ಕಿನ ಪ್ರಶ್ನೆಯೂ ಹೌದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಮಾಹಿತಿ ಮತ್ತು ಸಂವಹನ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. ಬ್ಯಾಂಕಿನ ಡಿಜಿಟಲ್ ಕೆವೈಸಿಗೆ (ಗ್ರಾಹಕರ ಗುರುತಿನ ಪರಿಶೀಲನೆ) ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಾಗುತ್ತದೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋದವರು ಅದನ್ನು ಹೇಗೆ ಮಾಡಿಯಾರು? ಅಂಥವರೂ, ಕಣ್ಣು ಕಾಣದ ಒಬ್ಬರೂ ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆಗಳು ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು, 20 ನಿರ್ದೇಶನಗಳನ್ನು ಕೊಟ್ಟಿತು. ಸರ್ಕಾರಿ ವೆಬ್‌ಸೈಟ್‌ಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದಲೇ ಇದೆ.

ಕಿವಿ ಕೇಳದವರಿಗೆ

ವಿಡಿಯೊಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಕೈಯಾರೆ ಟೈಪ್ ಮಾಡಿ ಸೇರಿಸಬಹುದು. ಮಾತಿನ ಜತೆಗೆ 'ಚಪ್ಪಾಳೆ', 'ಗಂಟೆಯ ಸದ್ದು' ಎಂಬುದೂ ಬರಲಿ. ಬರೀ ಧ್ವನಿ ಇದ್ದರೆ ಅದರ ಬರಹವನ್ನು ಕೆಳಗೆ ಹಾಕಿ. ವಿಡಿಯೊ ತಾನಾಗಿ ಶುರುವಾಗುವಂತೆ ಇಡಬೇಡಿ. ಆ ಸದ್ದಿನಲ್ಲಿ ಸ್ಕ್ರೀನ್ ರೀಡರಿನ ಮಾತು ಮುಳುಗಿಹೋಗುತ್ತದೆ.

ಹುಟ್ಟಿನಿಂದ ಕಿವಿ ಕೇಳದ ಎಷ್ಟೋ ಜನರಿಗೆ ಮೊದಲ ಭಾಷೆ ಸನ್ನೆ ಭಾಷೆ. ಬರಹದ ಕನ್ನಡ ಆಮೇಲೆ ಕಲಿತ ಭಾಷೆ. 'ಸದರಿ ಅರ್ಜಿಯನ್ನು ನಿಗದಿತ ನಮೂನೆಯಲ್ಲಿ ಭರ್ತಿ ಮಾಡಿ ಸಂಬಂಧಪಟ್ಟ ಕಚೇರಿಗೆ ಸಲ್ಲಿಸತಕ್ಕದ್ದು' ಎಂಬ ಸಾಲು ಅವರನ್ನು ಹೊರಗಿಡುತ್ತದೆ. 'ಈ ಫಾರಂ ತುಂಬಿ. ನಮ್ಮ ಕಚೇರಿಗೆ ಕೊಡಿ. ಕೊನೆಯ ದಿನ ಮಾರ್ಚ್ 15' ಎಂದರೆ ಅವರಿಗೂ ತಿಳಿಯುತ್ತದೆ, ಈಗಷ್ಟೇ ಕನ್ನಡ ಕಲಿತವರಿಗೂ ತಿಳಿಯುತ್ತದೆ.

ಒಂದೇ ಸಾಲಿನ ಕೋಡ್ ಮಾರುವವರು

'ಈ ಒಂದು ಸಾಲು ಸೇರಿಸಿ, ನಿಮ್ಮ ವೆಬ್‌ಸೈಟ್ ಎಲ್ಲರಿಗೂ ಎಟುಕುತ್ತದೆ' ಎಂದು ಮಾರುವವರಿದ್ದಾರೆ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಗುರುತು ಬಂದು ಕೂರುತ್ತದೆ. ದುಡ್ಡು ಕೊಡಬೇಡಿ. ಚಿತ್ರವಾಗಿ ಹೋದ ಕನ್ನಡವನ್ನು, ಹಳೆಯ ಫಾಂಟನ್ನು ಅದು ಸರಿ ಮಾಡಲಾರದು. ಸ್ಕ್ರೀನ್ ರೀಡರ್ ಬೇಕಾದವರ ಹತ್ತಿರ ಅದು ಮೊದಲೇ ಇರುತ್ತದೆ. 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಒಂದು ಕಂಪನಿಗೆ, ಆಗದ್ದನ್ನು ಆಗುತ್ತದೆ ಎಂದು ಹೇಳಿದ್ದಕ್ಕೆ, 10 ಲಕ್ಷ ಡಾಲರ್ ಕಟ್ಟಿಸಿತು.

ವೇವ್, ಆಕ್ಸ್, ಕ್ರೋಮ್‌ನೊಳಗಿನ ಲೈಟ್‌ಹೌಸ್ ಇವೆಲ್ಲ ಉಚಿತ ಪರೀಕ್ಷಕಗಳು. ಆಲ್ಟ್ ಇಲ್ಲದ ಚಿತ್ರ, ಲೇಬಲ್ ಇಲ್ಲದ ಪೆಟ್ಟಿಗೆ, ಮಸುಕು ಬಣ್ಣ ಹಿಡಿದು ಕೊಡುತ್ತವೆ. ಖಂಡಿತ ಬಳಸಿ. ಆದರೆ 100ಕ್ಕೆ 100 ಅಂಕ ಬಂತೆಂದು ಅಲ್ಲಿಗೇ ಬಿಡಬೇಡಿ. ಆಲ್ಟ್ ಇದೆಯಾ ಎಂದು ಯಂತ್ರ ನೋಡುತ್ತದೆ, ಅಲ್ಲಿ ಬರೆದದ್ದಕ್ಕೆ ಅರ್ಥ ಇದೆಯಾ ಎಂದು ನೋಡಲಾರದು.

ಬಳಸುವವರನ್ನು ಕೇಳಿ

ಇಷ್ಟು ಮಾಡಿದ ಮೇಲೆ ಸ್ಕ್ರೀನ್ ರೀಡರನ್ನು ದಿನವೂ ಬಳಸುವ ಒಬ್ಬರನ್ನು ಕೂರಿಸಿಕೊಳ್ಳಿ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುತ್ತವೆ. ಅಲ್ಲಿ ಕಲಿತವರ ಸಂಪರ್ಕ ಸಿಕ್ಕರೆ ಅವರ ಸಮಯಕ್ಕೆ ತಕ್ಕ ಹಣ ಕೊಟ್ಟು ಕೇಳಿ. ಕೂತಾಗ ನೀವು ಮಾತಾಡಬೇಡಿ. 'ಆ ಬಟನ್ ಒತ್ತಿ' ಎಂದು ತೋರಿಸಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ವಾಪಸ್ ಹೋದರು ಎಂದು ನೋಡಿ ಬರೆದುಕೊಳ್ಳಿ. ಮಾವನ ಜತೆ ಕೂತ ಮೊದಲ ದಿನ ನನ್ನ ಪಟ್ಟಿಯಲ್ಲಿ ಹನ್ನೊಂದು ಅಂಶ ಇದ್ದವು. ಅದರಲ್ಲಿ ನಾಲ್ಕನ್ನು ಯಾವ ಪರೀಕ್ಷಕವೂ ಹಿಡಿದಿರಲಿಲ್ಲ. ಉದಾಹರಣೆಗೆ, ಸಭೆಯ ದಿನಾಂಕ '5-4' ಎಂದು ಬರೆದಿದ್ದೆ. ಅದು ಏಪ್ರಿಲ್ ಐದೋ, ಐದರಲ್ಲಿ ನಾಲ್ಕು ಕಳೆಯುವುದೋ ಎಂದು ಅವರು ಕೇಳಿದರು. ಈಗ 'ಏಪ್ರಿಲ್ 5, ಶನಿವಾರ, ಸಂಜೆ 5 ಗಂಟೆ' ಎಂದೇ ಬರೆಯುತ್ತೇನೆ.

ಕೊನೆಗೆ, ಎಲ್ಲ ಪುಟದ ಕೆಳಗೂ ಒಂದು ಸಾಲು ಸೇರಿಸಿ: 'ಈ ಪುಟ ಬಳಸಲು ತೊಂದರೆಯಾದರೆ ನಮಗೆ ತಿಳಿಸಿ.' ಅದರ ಜತೆ ಫೋನ್ ಸಂಖ್ಯೆಯನ್ನೂ ಕೊಡಿ, ಇಮೇಲ್ ಅಥವಾ ವಾಟ್ಸಾಪ್ ಅನ್ನೂ ಕೊಡಿ. ಟೈಪ್ ಮಾಡಲಾಗದವರು ಫೋನ್ ಮಾಡುತ್ತಾರೆ, ಕಿವಿ ಕೇಳದವರು ಬರೆಯುತ್ತಾರೆ. ಬಂದ ಪ್ರತಿ ದೂರಿಗೂ ಎರಡು ದಿನದೊಳಗೆ ಉತ್ತರ ಕೊಡಿ, ಸರಿ ಮಾಡಿದ ಮೇಲೆ ಅವರಿಗೆ ಇನ್ನೊಮ್ಮೆ ತಿಳಿಸಿ.